ಸ್ಪೇಸರ್ ಹಾಕಿಸಿದರೆ ಕಾರಿನ ಚಕ್ರ ಕಳಚಿ ಬೀಳುತ್ತದೆಯೇ?

"ಸ್ಪೇಸರ್ ಹಾಕಿಸಿದ ಕಾರಿನ ಚಕ್ರ ಹೈವೇಯಲ್ಲಿ ಕಳಚಿ ಹೋಗುತ್ತದೆ, ಎಲ್ಲರಿಗೂ ಶೇರ್ ಮಾಡಿ" ಎನ್ನುವ ಸಂದೇಶ ಒಂದು ಕಡೆ. "15 ಎಂಎಂ ಸ್ಪೇಸರ್ ಹಾಕಿಸಿ, ಕಾರು ರಸ್ತೆಗೆ ಅಂಟಿಕೊಂಡು ಓಡುತ್ತದೆ" ಎನ್ನುವ ರೀಲ್ಸ್ ಇನ್ನೊಂದು ಕಡೆ. ಎರಡರಲ್ಲೂ ಚೂರು ಸತ್ಯವಿದೆ. ಆದರೆ ಅಪಾಯ ನಿಜಕ್ಕೂ ಎಲ್ಲಿದೆ ಎಂಬುದನ್ನು ಎರಡೂ ಹೇಳುವುದಿಲ್ಲ.

ಸ್ಪೇಸರ್ ಎಂದರೆ ಹಬ್ ಮತ್ತು ಚಕ್ರದ ನಡುವೆ ಕೂರುವ ಲೋಹದ ಬಿಲ್ಲೆ. ಅದು ಚಕ್ರವನ್ನು ತನ್ನ ದಪ್ಪದಷ್ಟೇ ಹೊರಕ್ಕೆ ತಳ್ಳುತ್ತದೆ. ನಮ್ಮಲ್ಲಿ ಅಭಿಮಾನಿಗಳಿರುವ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಕಾರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಕಾರಿನ ಭಾರವನ್ನು ಬೋಲ್ಟ್‌ಗಳು ಹೊರುತ್ತವೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಹಾಗಲ್ಲ. ಬೋಲ್ಟ್‌ಗಳ ಕೆಲಸ ಚಕ್ರವನ್ನು ಹಬ್‌ಗೆ ಬಿಗಿಯಾಗಿ ಒತ್ತಿ ಹಿಡಿಯುವುದು. ಹಾಗೆ ಒತ್ತಿದ ಎರಡು ಲೋಹದ ಮುಖಗಳ ನಡುವಿನ ಘರ್ಷಣೆಯೇ ಭಾರವನ್ನೂ ಬ್ರೇಕಿನ ಎಳೆತವನ್ನೂ ತಡೆಯುತ್ತದೆ. ಬಿಗಿ ಸಡಿಲವಾದರೆ ಚಕ್ರ ಸೂಕ್ಷ್ಮವಾಗಿ ಅಲುಗತೊಡಗುತ್ತದೆ, ಪ್ರತಿ ಸುತ್ತಿಗೂ ಬೋಲ್ಟ್ ಬಾಗುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ತುಂಡು ಮಾಡುತ್ತೇವಲ್ಲ, ಹಾಗೆಯೇ ಕೊನೆಗೊಮ್ಮೆ ಮುರಿಯುತ್ತದೆ. ಚಕ್ರ ಕಳಚುವುದು ಹೀಗೆ.

ಹಾಗಾದರೆ ಬಿಗಿ ಏಕೆ ಸಡಿಲವಾಗುತ್ತದೆ? ಮೊದಲ ಕಾರಣ ಬೋಲ್ಟಿನ ಉದ್ದ. 15 ಮಿ.ಮೀ. ಸ್ಪೇಸರ್ ಹಾಕಿ ಹಳೆಯ ಬೋಲ್ಟನ್ನೇ ಬಳಸಿದರೆ ಹಬ್‌ನೊಳಗೆ ಹೋಗುವ ಮರೆ 15 ಮಿ.ಮೀ. ಕಡಿಮೆಯಾಗುತ್ತದೆ. ಬೋಲ್ಟೂ ಅಷ್ಟೇ ಉದ್ದವಾಗಬೇಕು. ಹಳೆಯದು ಎಷ್ಟು ಸುತ್ತು ತಿರುಗಿ ಕೂರುತ್ತಿತ್ತೋ ಹೊಸದೂ ಅಷ್ಟೇ ಸುತ್ತು ತಿರುಗಬೇಕು, ಎಣಿಸಿ ನೋಡಬಹುದು. ತೀರಾ ಉದ್ದವಾದರೂ ಕಷ್ಟವೇ: ಹಬ್‌ನ ಹಿಂದಿರುವ ಬ್ರೇಕಿನ ಭಾಗಗಳಿಗೆ ತಗಲುತ್ತದೆ.

ಎರಡನೆಯದು ಹೆಚ್ಚಿನವರ ಗಮನಕ್ಕೇ ಬರುವುದಿಲ್ಲ. ಸ್ಕೋಡಾ, ಫೋಕ್ಸ್‌ವ್ಯಾಗನ್ ಕಂಪನಿ ಚಕ್ರಗಳಲ್ಲಿ ಬೋಲ್ಟಿನ ತಲೆಯ ಕೆಳಭಾಗ ಚೆಂಡಿನಂತೆ ದುಂಡಗಿರುತ್ತದೆ. ಹೊರಗೆ ಸಿಗುವ ಬಹುಪಾಲು ಅಲಾಯ್‌ಗಳಿಗೆ ಬೇಕಾದದ್ದು ಶಂಕುವಿನಂತೆ ಇಳಿಜಾರಾದದ್ದು. ಇವನ್ನು ಅದಲುಬದಲು ಮಾಡಿದರೆ ಬೋಲ್ಟ್ ಚಕ್ರಕ್ಕೆ ತೆಳು ಗೆರೆಯಷ್ಟೇ ತಾಗುತ್ತದೆ. ಬಿಗಿದಾಗ ಗಟ್ಟಿಯಾಗಿಯೇ ಇರುವಂತೆ ಕಾಣುತ್ತದೆ, ಮೋಸ ಇರುವುದು ಅಲ್ಲಿಯೇ.

ಮೂರನೆಯದು ಪಿಸಿಡಿ, ಅಂದರೆ ಬೋಲ್ಟುಗಳ ಮಧ್ಯಬಿಂದುಗಳ ಮೂಲಕ ಹಾಯುವ ವೃತ್ತದ ವ್ಯಾಸ. ಆಕ್ಟೇವಿಯಾದ್ದು 5×112, ಕ್ರೆಟಾದ್ದು 5×114.3. ವ್ಯತ್ಯಾಸ 2.3 ಮಿ.ಮೀ. ಮಾತ್ರ, ಹಾಗಾಗಿ "ಸ್ವಲ್ಪ ಒತ್ತಿದರೆ ಕೂರುತ್ತೆ ಸಾರ್" ಎನ್ನುವವರು ಸಿಗುತ್ತಾರೆ. ದಯವಿಟ್ಟು ಒಪ್ಪಬೇಡಿ. ಬೋಲ್ಟುಗಳು ಓರೆಯಾಗಿ ಕೂರುತ್ತವೆ.

ನಡುವಿನ ತೂತಿನ ಅಳತೆಯೂ ಹೊಂದಬೇಕು. ಆಕ್ಟೇವಿಯಾದ ಹಬ್ 57.1 ಮಿ.ಮೀ., ಮಾರುಕಟ್ಟೆಯ ಅಲಾಯ್‌ಗಳ ತೂತು ಸಾಮಾನ್ಯವಾಗಿ ಅದಕ್ಕಿಂತ ದೊಡ್ಡದು. ನಡುವೆ ಹಬ್ ರಿಂಗ್ ಇಲ್ಲದಿದ್ದರೆ ಚಕ್ರ ಸರಿಯಾಗಿ ಮಧ್ಯಕ್ಕೆ ಕೂರದೆ, ವೇಗ ಹೆಚ್ಚಿದಾಗ ಸ್ಟೀರಿಂಗ್ ನಡುಗಬಹುದು. ಹತ್ತು ಸಲ ಬ್ಯಾಲೆನ್ಸಿಂಗ್ ಮಾಡಿಸಿದರೂ ಅದು ಹೋಗುವುದಿಲ್ಲ. ತೂತು ದೊಡ್ಡದಿರುವ ಅಗ್ಗದ ಸ್ಪೇಸರ್‌ಗಳಲ್ಲೂ ಇದೇ ತೊಂದರೆ.

ಇನ್ನು "ರಸ್ತೆಗೆ ಅಂಟಿಕೊಳ್ಳುವ" ಮಾತು. ಎಡ ಬಲ ಚಕ್ರಗಳ ನಡುವಿನ ಅಂತರ ಹೆಚ್ಚಿದಷ್ಟೂ ತಿರುವಿನಲ್ಲಿ ಭಾರ ಒಂದೇ ಬದಿಗೆ ವಾಲುವುದು ಕಡಿಮೆಯಾಗುತ್ತದೆ, ಇದು ಭೌತಶಾಸ್ತ್ರದ ಪ್ರಕಾರ ಸರಿ. ಎಷ್ಟು ಕಡಿಮೆ? ಆ ಅಂತರ ಸುಮಾರು ಒಂದೂವರೆ ಮೀಟರ್. ಎರಡೂ ಕಡೆ 15 ಮಿ.ಮೀ. ಸೇರಿಸಿದರೆ ಒಟ್ಟು 30 ಮಿ.ಮೀ., ಅಂದರೆ ಬರೀ ಶೇ. 2. ಪ್ರತಿಯಾಗಿ ಬೇರಿಂಗ್ ಮೇಲೆ ಒತ್ತಡ ಹೆಚ್ಚುತ್ತದೆ, ಆಕ್ಟೇವಿಯಾದಂಥ ಮುಂದಿನ ಚಕ್ರದಿಂದ ಓಡುವ ಕಾರಿನಲ್ಲಿ ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಸ್ಟೀರಿಂಗ್ ಪಕ್ಕಕ್ಕೆ ಎಳೆಯುವುದೂ ಹೆಚ್ಚಬಹುದು. ಅಂದಕ್ಕಾಗಿ ಹಾಕಿಸುತ್ತೇವೆ ಎಂದರೆ ಅದು ಪ್ರಾಮಾಣಿಕ ಉತ್ತರ.

ಟೈರ್ ಗಾತ್ರದಲ್ಲೂ ಲೆಕ್ಕವಿದೆ. 225/45 ಆರ್17 ಟೈರಿನ ವ್ಯಾಸ ಸುಮಾರು 634 ಮಿ.ಮೀ. ಅದರ ಬದಲು 225/40 ಆರ್18 ಹಾಕಿದರೆ 637, ಲೆಕ್ಕಕ್ಕಿಲ್ಲದಷ್ಟು ವ್ಯತ್ಯಾಸ. 225/45 ಆರ್18 ಹಾಕಿದರೆ 660: ಹಿಂದೆ ತೋರುತ್ತಿದ್ದ ಅದೇ 100ಕ್ಕೆ ಕಾರು ಈಗ ಶೇ. 4ರಷ್ಟು ಹೆಚ್ಚು ವೇಗದಲ್ಲಿ ಓಡುತ್ತಿರುತ್ತದೆ.

ಜೆ.ಸಿ. ರಸ್ತೆಯಲ್ಲೋ ಆನ್‌ಲೈನಿನಲ್ಲೋ ಚಕ್ರ ಕೊಳ್ಳುವಾಗ ಅದರ ಮೇಲೆ ಅಚ್ಚಾಗಿರುವ ಭಾರದ ಮಿತಿ ನೋಡಿ. ಅದರ ಎರಡರಷ್ಟು ನಿಮ್ಮ ಕಾರಿನ ಒಂದು ಆಕ್ಸಲ್‌ನ ಗರಿಷ್ಠ ಭಾರಕ್ಕಿಂತ ಕಡಿಮೆ ಇರಬಾರದು. ಕೂರಿಸುವಾಗ ಹಬ್‌ನ ತುಕ್ಕನ್ನು ಬ್ರಷ್‌ನಿಂದ ಉಜ್ಜಿಸಿ, ಗಾಳಿ ಗನ್ನಿನಲ್ಲಿ ಬಿಗಿದು ಕಳಿಸಲು ಬಿಡಬೇಡಿ, ಕೊನೆಯ ಬಿಗಿ ಟಾರ್ಕ್ ವ್ರೆಂಚ್‌ನಲ್ಲೇ ಆಗಲಿ. ಎಷ್ಟು ಎಂಬುದು ಮಾಲೀಕರ ಕೈಪಿಡಿಯಲ್ಲಿರುತ್ತದೆ, ಮೂರನೇ ತಲೆಮಾರಿನ ಆಕ್ಟೇವಿಯಾಕ್ಕೆ 120 ನ್ಯೂಟನ್ ಮೀಟರ್. 50ರಿಂದ 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ.

ಜರ್ಮನಿಯಲ್ಲಿ ಪರೀಕ್ಷೆ, ಅನುಮೋದನೆ ಪಡೆದ ಸ್ಪೇಸರ್‌ಗಳನ್ನು ಕಾನೂನುಬದ್ಧವಾಗಿಯೇ ಹಾಕಿಸಬಹುದು. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮೂಲ ನಿರ್ದಿಷ್ಟತೆ ಬದಲಿಸುವುದನ್ನು ನಿರ್ಬಂಧಿಸುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಅನುಮತಿಯಿಲ್ಲದ ಮಾರ್ಪಾಡಿಗೆ 182ಎ ಸೆಕ್ಷನ್ ಅಡಿ ತಲಾ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಇವೆ. ವಿಮಾ ಕಂಪನಿಗೆ ತಿಳಿಸದೆ ಹಾಕಿಸಿದ್ದರೆ ಅಪಘಾತದ ಕ್ಲೇಮ್ ವೇಳೆ ತಕರಾರು ಏಳಬಹುದು.