ತಲೆಗೆ ಎರಡು ಪೆನ್ಸ್‌ನಿಂದ ಬೇಲಿಗೊಂದು ಕಿಂಡಿಯವರೆಗೆ

ಕೇರೆ ಹಾವು ಕೊಟ್ಟಿಗೆಗೆ ನುಗ್ಗಿ, ಹಸುವಿನ ಕಾಲಿಗೆ ಸುತ್ತಿಕೊಂಡು ಹಾಲು ಕುಡಿಯುತ್ತದೆ ಎಂಬ ಮಾತು ನೀವೂ ಕೇಳಿರುತ್ತೀರಿ. ಕಳೆದ ಮಳೆಗಾಲದಲ್ಲಿ ವರದಿಗೆಂದು ಹೋದ ಹಳ್ಳಿಯೊಂದರಲ್ಲಿ ಇದೇ ಮಾತಿಗೆ ಆಳುದ್ದದ ಕೇರೆಯನ್ನು ಬಡಿದು ಹಾಕಿದ್ದನ್ನು ನಾವು ಕಂಡೆವು. ಇಲಿ ಹಿಡಿದು ರೈತನ ಕಾಳು ಉಳಿಸುವ ಹಾವು ಅದು. ಕೆಚ್ಚಲು ಚೀಪುವುದು ಅದರ ಬಾಯಿಗೆ ಆಗದ ಕೆಲಸ.

ಇಂಥದ್ದೇ ಸುಳ್ಳೊಂದು ಇಂಗ್ಲೆಂಡಿನಲ್ಲಿ ಪುಟ್ಟ ಪ್ರಾಣಿಯೊಂದಕ್ಕೆ ಅಂಟಿಕೊಂಡಿತ್ತು. ಅದರ ಹೆಸರು ಹೆಡ್ಜ್‌ಹಾಗ್. ಹೆಡ್ಜ್ ಅಂದರೆ ಗಿಡಗಳ ಜೀವಂತ ಬೇಲಿ, ಹಾಗ್ ಅಂದರೆ ಹಂದಿ. ನಮ್ಮ ಹೊಲಕ್ಕೆ ಬಂದು ಗೆಡ್ಡೆ ಕೀಳುವ ಮುಳ್ಳುಹಂದಿ ಇದಲ್ಲ. ಇದು ಒಂದು ಗೇಣು ಉದ್ದದ್ದು, ಹೆದರಿದರೆ ಮುಳ್ಳಿನ ಚೆಂಡಾಗಿ ಸುತ್ತಿಕೊಳ್ಳುತ್ತದೆ. ಇದರ ಹತ್ತಿರದ ಬಳಗದ್ದೊಂದು ಪಕ್ಕದ ತಮಿಳುನಾಡಿನಲ್ಲಿದೆ, ಅಲ್ಲಿ ಮುಳ್ಳೆಲಿ ಅನ್ನುತ್ತಾರೆ. ಜೀರುಂಡೆ, ಕಂಬಳಿಹುಳು, ಎರೆಹುಳು, ಗೊಂಡೆಹುಳು ಇದರ ಊಟ. ಅಂದರೆ ತೋಟದವನಿಗೆ ಬಿಟ್ಟಿ ಕೂಲಿಯಾಳು.

ಆದರೆ ರಾತ್ರಿ ಮಲಗಿದ ಹಸುವಿನ ಮೊಲೆಗೆ ಬಾಯಿ ಹಾಕುತ್ತದೆ ಎಂದು ಅಲ್ಲಿನ ರೈತರು ನಂಬಿದ್ದರು. 1566ರಲ್ಲಿ, ಮೊದಲನೇ ಎಲಿಜಬೆತ್ ರಾಣಿಯ ಕಾಲದಲ್ಲಿ, ಧಾನ್ಯ ರಕ್ಷಣೆಯ ಹೆಸರಲ್ಲಿ ಒಂದು ಕಾಯ್ದೆ ಬಂತು. ಕಾಗೆ, ನರಿ, ಇಲಿಗಳ ಜೊತೆ ಹೆಡ್ಜ್‌ಹಾಗ್ ಕೂಡ ಪಟ್ಟಿ ಸೇರಿತು. ಒಂದು ತಲೆ ತಂದರೆ ಎರಡು ಪೆನ್ಸ್. ದುಡ್ಡು ಕೊಡುತ್ತಿದ್ದುದು ಊರಿನ ಚರ್ಚಿನ ಮೇಲ್ವಿಚಾರಕರು. ಹೀಗೆ ಕೊಟ್ಟ ಬಿಡಿಕಾಸಿನ ಲೆಕ್ಕ ಹಳೆಯ ಚರ್ಚ್ ಪುಸ್ತಕಗಳಲ್ಲಿ ಇವತ್ತಿಗೂ ಓದಲು ಸಿಗುತ್ತದೆ. 18ನೇ ಶತಮಾನದಲ್ಲೂ ಈ ಲೆಕ್ಕ ನಡೆದೇ ಇತ್ತು. ಬಡ ಕೂಲಿಯವನಿಗೆ ಅದು ಸಂಜೆಯ ಖರ್ಚು. ಹಸುವಿನ ಮೊಲೆ ಅಷ್ಟು ಚಿಕ್ಕ ಬಾಯಿಗೆ ಹಿಡಿಯುತ್ತದೆಯೇ ಎಂಬ ಪ್ರಶ್ನೆಗಿಂತ ಎರಡು ಪೆನ್ಸ್ ದೊಡ್ಡದಾಗಿತ್ತು.

ಕಾಲ ಬದಲಾಯಿತು. 1905ರಲ್ಲಿ ಬೀಟ್ರಿಕ್ಸ್ ಪಾಟರ್ ಬರೆದ ಮಕ್ಕಳ ಪುಸ್ತಕದಲ್ಲಿ ಹೆಡ್ಜ್‌ಹಾಗ್ ಬಟ್ಟೆ ಒಗೆಯುವ ಅಜ್ಜಿಯಾಯಿತು. ಜನ ಪ್ರೀತಿಸತೊಡಗಿದರು. ಹಿತ್ತಿಲಿಗೆ ಬಂದರೆ ಬ್ರೆಡ್ಡು, ಹಾಲು ಇಟ್ಟರು. ಇಲ್ಲೇ ನೋಡಿ ತಮಾಷೆ. ಹಾಲು ಅದರ ಹೊಟ್ಟೆಗೆ ಆಗುವುದಿಲ್ಲ, ಭೇದಿ ಹತ್ತಿ ಸಾಯಲೂಬಹುದು. ಹಾಲು ಕದಿಯುತ್ತದೆ ಎಂದು ಕೊಂದವರು ಒಂದು ಕಾಲದವರು, ಹಾಲು ಇಷ್ಟ ಎಂದು ಕುಡಿಸಿದವರು ಇನ್ನೊಂದು ಕಾಲದವರು. ಸಿಟ್ಟು ಹೋಯಿತು, ತಪ್ಪು ತಿಳಿವಳಿಕೆ ಉಳಿಯಿತು.

ಎರಡನೇ ಮಹಾಯುದ್ಧದ ನಂತರ ಹೊಸ ಪೆಟ್ಟು ಬಿತ್ತು. ಹೆಚ್ಚು ಬೆಳೆಯಬೇಕು, ದೊಡ್ಡ ಯಂತ್ರ ಓಡಬೇಕು ಎಂದು ಹೊಲಗಳ ನಡುವಿನ ಗಿಡಬೇಲಿಗಳನ್ನು ಮೈಲುಗಟ್ಟಲೆ ಕಿತ್ತರು. ಹೆಸರಿನಲ್ಲೇ ಬೇಲಿ ಇದ್ದ ಪ್ರಾಣಿಗೆ ಬೇಲಿಯೇ ಇಲ್ಲವಾಯಿತು. ಕೀಟನಾಶಕ ಅದರ ಊಟ ಕಸಿಯಿತು. 2022ರ ವರದಿಯ ಪ್ರಕಾರ 2000ನೇ ಇಸವಿಯಿಂದ ಈಚೆಗೆ ಬ್ರಿಟನ್ನಿನ ಹಳ್ಳಿಗಾಡಿನಲ್ಲಿ ಪ್ರದೇಶಕ್ಕೆ ತಕ್ಕಂತೆ ಶೇ. 30ರಿಂದ 75ರಷ್ಟು ಹೆಡ್ಜ್‌ಹಾಗ್ ಕಡಿಮೆಯಾಗಿವೆ. ಪಟ್ಟಣಗಳಲ್ಲಿ ಮಾತ್ರ ಚೇತರಿಕೆಯ ಲಕ್ಷಣವಿದೆ. ಹೊಲ ಕೈಬಿಟ್ಟ ಪ್ರಾಣಿಯನ್ನು ಮನೆಯ ಹಿತ್ತಿಲು ಕಾಯುತ್ತಿದೆ.

ಆ ಕೆಲಸ ಶುರುವಾದದ್ದು ಸಣ್ಣದಾಗಿ. ದನ ದಾಟದಂತೆ ರಸ್ತೆಗೆ ಅಡ್ಡಲಾಗಿ ಗುಂಡಿ ತೋಡಿ ಕಬ್ಬಿಣದ ಸರಳು ಹಾಸುತ್ತಾರಲ್ಲ, ಅಂಥ ಗುಂಡಿಗೆ ಬಿದ್ದ ಹೆಡ್ಜ್‌ಹಾಗ್ ಒಂದನ್ನು ಮೇಜರ್ ಏಡ್ರಿಯನ್ ಕೋಲ್ಸ್ ಎಂಬುವರು ಕಂಡರು. ಹತ್ತಿ ಬರಲು ಒಂದು ಇಳಿಜಾರು ಹಲಗೆ ಇಟ್ಟರೆ ಸಾಕು ಎಂದು ಓಡಾಡಿದರು. 1982ರಲ್ಲಿ ಅವರಿಂದ ಹೆಡ್ಜ್‌ಹಾಗ್ ರಕ್ಷಣಾ ಸಂಘವೇ ಹುಟ್ಟಿತು. 2011ರಲ್ಲಿ ಆ ಸಂಘ ಇನ್ನೊಂದು ಸಂಸ್ಥೆಯ ಜೊತೆ ಸೇರಿ ಹೆಡ್ಜ್‌ಹಾಗ್ ಸ್ಟ್ರೀಟ್ ಎಂಬ ಅಭಿಯಾನ ಆರಂಭಿಸಿತು. ಬೇಡಿಕೆ ಒಂದೇ: ನಿಮ್ಮ ಬೇಲಿಯ ಬುಡದಲ್ಲಿ 13 ಸೆಂಟಿಮೀಟರ್ ಅಗಲ, 13 ಸೆಂಟಿಮೀಟರ್ ಎತ್ತರದ ಕಿಂಡಿ ಬಿಡಿ.

ಯಾಕೆಂದರೆ ಇದು ಆಹಾರ ಹುಡುಕುತ್ತಾ ರಾತ್ರಿಗೆ ಒಂದು, ಎರಡು ಕಿಲೋಮೀಟರ್ ನಡೆಯುವ ಪ್ರಾಣಿ. ಒಂದೇ ಹಿತ್ತಿಲು ಅದಕ್ಕೆ ಸಾಲದು. ಆಕ್ಸ್‌ಫರ್ಡ್‌ಶೈರಿನ ಕರ್ಟ್ಲಿಂಗ್ಟನ್ ಹಳ್ಳಿಯಲ್ಲಿ ಹತ್ತಾರು ಮನೆಯವರು ಕಲ್ಲಿನ ಗೋಡೆಗೂ ಕಿಂಡಿ ಕೊರೆದು, ಪುಟ್ಟ ಮೆಟ್ಟಿಲು ಇಟ್ಟು ಹಿತ್ತಿಲುಗಳನ್ನು ಜೋಡಿಸಿದ್ದಾರೆ. ಉಳಿದದ್ದಕ್ಕೂ ಖರ್ಚಿಲ್ಲ. ಒಂದು ಮೂಲೆಯಲ್ಲಿ ತರಗೆಲೆ, ಸೌದೆ ರಾಶಿ ಹಾಗೇ ಬಿಡುವುದು. ಬೆಂಕಿ ಹಚ್ಚುವ ಮುನ್ನ ಆ ರಾಶಿಯನ್ನು ಎತ್ತಿ ನೋಡುವುದು. ಹಾಲಿನ ಬದಲು ಅಗಲ ತಟ್ಟೆಯಲ್ಲಿ ನೀರು ಇಡುವುದು. ಗೊಂಡೆಹುಳುವಿಗೆ ಹಾಕುವ ಮೆಟಾಲ್ಡಿಹೈಡ್ ವಿಷವನ್ನು ಹೊಲ, ತೋಟದಲ್ಲಿ ಬಳಸದಂತೆ ಬ್ರಿಟನ್ 2022ರಲ್ಲಿ ನಿಷೇಧಿಸಿತು.

13 ಸೆಂಟಿಮೀಟರ್ ಅಂದರೆ ಒಂದು ಗೇಣಿಗೂ ಕಡಿಮೆ. ಆದರೆ ಆ ಕಿಂಡಿಗೆ ಎರಡೂ ಮನೆಯವರು ಒಪ್ಪಬೇಕು. ಒಂದು ಗೇಣು ಬದುವಿಗೆ ಕೋರ್ಟ್ ಮೆಟ್ಟಿಲು ಹತ್ತುವ ನಮಗೆ ಅದು ಎಷ್ಟು ದೊಡ್ಡ ಕೆಲಸ ಎಂದು ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲೂ ಲಕ್ಕಿ, ಕಳ್ಳಿ ಬೇಲಿ ಹೋಗಿ ತಂತಿ, ಕಾಂಪೌಂಡು ಬರುತ್ತಿವೆ. ಕೊಟ್ಟಿಗೆಯಲ್ಲಿ ಕೇರೆ ಕಂಡರೆ ಇವತ್ತಿಗೂ ಮೊದಲು ಕೈ ಹೋಗುವುದು ದೊಣ್ಣೆಗೆ. ಮುಂದಿನ ಸಲ ಅದು ಕಂಡಾಗ ಹಾಲಿನ ಮಾತು ಬಿಟ್ಟು, ಅದು ಯಾವ ಇಲಿಯ ಬೆನ್ನು ಹತ್ತಿ ಬಂದಿದೆ ಎಂದು ನೋಡಿ. ದಾರಿ ಬಿಟ್ಟರೆ ತಾನೇ ಹೋಗುತ್ತದೆ.