ಅಪ್ರಾಪ್ತ ಅರಸರ ಸ್ವತ್ತು: ಮೈಸೂರಿನ ಮೂರು ಸಂದರ್ಭಗಳು

ಅಪ್ರಾಪ್ತವಯಸ್ಕನ ಸ್ವತ್ತನ್ನು ನಿರ್ವಹಿಸುವ ಪಾಲಕನು ಯಾವ ನ್ಯಾಯಾಲಯಕ್ಕೆ ಉತ್ತರದಾಯಿ? ಮಗು ಸಾಮಾನ್ಯವಾಗಿ ವಾಸಿಸುವ ಅಥವಾ ಸ್ವತ್ತು ಇರುವ ಸ್ಥಳದ ಜಿಲ್ಲಾ ನ್ಯಾಯಾಲಯಕ್ಕೆ ಎಂಬುದು ಪಾಲಕತ್ವವನ್ನು ಕುರಿತ 1890ರ ಅಧಿನಿಯಮದ ಉತ್ತರ. ನ್ಯಾಯಾಲಯದ ಪೂರ್ವಾನುಮತಿಯಿಲ್ಲದೆ ಸ್ವಾಭಾವಿಕ ಪಾಲಕನು ಮಾರಿದ ಸ್ಥಿರಾಸ್ತಿಯ ಕ್ರಯವನ್ನು ಮಗುವಿನ ಪರವಾಗಿ ರದ್ದುಪಡಿಸಬಹುದೆಂದು 1956ರ ಹಿಂದೂ ಪಾಲಕತ್ವ ಕಾನೂನು ವಿಧಿಸಿತು. ಇದಕ್ಕೂ ಹಿಂದೆ, ಒಂದೇ ಶತಮಾನದೊಳಗೆ, ಮೈಸೂರಿನ ಸಿಂಹಾಸನವನ್ನು ಮೂವರು ಬಾಲಕರು ಏರಿದರು. ಅವರ ಪಾಲಿಗೆ ಅಂಥ ನ್ಯಾಯಾಲಯವೇ ಇರಲಿಲ್ಲ.

1799ರ ಜೂನ್ 30ರಂದು ಪಟ್ಟಾಭಿಷಿಕ್ತರಾದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಐದು ವರ್ಷವೂ ತುಂಬಿರಲಿಲ್ಲ. ಅವರಿಗೆ ರಾಜ್ಯವನ್ನು ನೀಡಿದ್ದು ಜೂನ್ 22ರ ವಿಭಜನಾ ಒಪ್ಪಂದ. ಅದರಲ್ಲಿ ಬಾಲಕನು ಪಕ್ಷಗಾರನೇ ಅಲ್ಲ. ಜುಲೈ 8ರ ಸಹಾಯಕ ಸೈನ್ಯದ ಒಪ್ಪಂದವಾದರೋ ಅವನ ಹೆಸರಿನಲ್ಲಿಯೇ ಆಯಿತು. ವರ್ಷಕ್ಕೆ ಏಳು ಲಕ್ಷ ಪಗೋಡ ಕೊಡಬೇಕು. ಆ ಹಣಕ್ಕೆ ಚ್ಯುತಿ ಬರುವ ಭಯ ಕಂಡಲ್ಲಿ ಕಂಪನಿಯು ಆಡಳಿತವನ್ನು ಕೈಗೆತ್ತಿಕೊಳ್ಳಬಹುದು. ಮಗುವಿನ ಮೇಲೆ ಹೊರಿಸಿದ ಈ ಷರತ್ತು, ನಗರ ಬಂಡಾಯದ ಬಳಿಕ 1831ರಲ್ಲಿ, ಪ್ರಾಯಕ್ಕೆ ಬಂದ ಅರಸರ ವಿರುದ್ಧ ಪ್ರಯೋಗವಾಯಿತು. ಸಾಮಾನ್ಯ ರೈತನ ಮಗನಾಗಿದ್ದರೆ ಪಾಲಕರ ಕರಾರನ್ನು ಪ್ರಶ್ನಿಸಲು ಯಾವುದಾದರೊಂದು ಕಟ್ಟೆಯಿರುತ್ತಿತ್ತು. ಅರಸರ ಮನವಿಗಳನ್ನು ವಿಚಾರಿಸಿದವರು ಎದುರುಪಕ್ಷದವರೇ. ಗವರ್ನರ್ ಜನರಲ್ ಬೆಂಟಿಂಕ್ ಸ್ವತಃ 1834ರಲ್ಲಿ ರಾಜ್ಯದ ಒಂದು ಭಾಗವನ್ನು ಮರಳಿಸಲು ಸೂಚಿಸಿದರೂ ಅದು ಫಲಿಸಲಿಲ್ಲ.

1868ರ ಮಾರ್ಚ್ 27ರಂದು ಅವರು ತೀರಿಕೊಂಡಾಗ ದತ್ತುಪುತ್ರ ಚಾಮರಾಜೇಂದ್ರ ಒಡೆಯರಿಗೆ ಐದು ವರ್ಷ. ಈಗ ಪ್ರಶ್ನೆ ರಾಜ್ಯದ್ದಷ್ಟೇ ಅಲ್ಲ, ಅರಮನೆಯ ಒಳಗಣ ಸ್ವತ್ತಿನದೂ ಹೌದು. ಅರಮನೆಯ ವ್ಯವಸ್ಥೆ, ದಿವಂಗತ ಅರಸರ ಸಾಲಗಳ ತೀರ್ಮಾನ ಮೇಜರ್ ಎಲಿಯಟ್‌ರ ಪಾಲಿಗೆ ಬಂದವು; ಮುಂದೆ ಕರ್ನಲ್ ಮ್ಯಾಲಿಸನ್ ಬಾಲಕನ ಪಾಲಕರಾದರು. ಇಬ್ಬರೂ ಸರ್ಕಾರದ ಅಧಿಕಾರಿಗಳು. ಸ್ವತ್ತನ್ನು ಕಾಯುವವನೂ ಲೆಕ್ಕ ಕೇಳುವವನೂ ಒಂದೇ ಸಂಸ್ಥೆಗೆ ಸೇರಿದ್ದು ಇಲ್ಲಿನ ನಿಜವಾದ ತೊಡಕು. ಹದಿನೆಂಟು ತುಂಬಿದ ಮೇಲೆ, 1881ರ ಮಾರ್ಚ್ 25ರಂದು ರಾಜ್ಯವು ಅರಸರಿಗೆ ಮರಳಿತು. ಹಸ್ತಾಂತರ ಪತ್ರದ ಷರತ್ತುಗಳನ್ನು ನಿರೂಪಿಸಿದವರು ಮಾತ್ರ ಪಾಲಕರೇ.

ಮೂರನೆಯ ಸಂದರ್ಭದಲ್ಲಿ ಪಾಲಕತ್ವ ಮನೆಯೊಳಕ್ಕೆ ಬಂದಿತು. 1895ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಪಟ್ಟಕ್ಕೆ ಬಂದಾಗ ತಾಯಿ ವಾಣಿವಿಲಾಸ ಸನ್ನಿಧಾನದವರು ರೀಜೆಂಟರಾದರು. 1897ರಲ್ಲಿ ಮರದ ಅರಮನೆ ಸುಟ್ಟುಹೋದಾಗ, ಮಗನು ಇನ್ನೂ ಅಪ್ರಾಪ್ತನಿರುವಾಗಲೇ, ಹೆನ್ರಿ ಇರ್ವಿನ್‌ರ ವಿನ್ಯಾಸದ ಹೊಸ ಅರಮನೆಯ ಕೆಲಸವನ್ನು ಅವರು ಆರಂಭಿಸಿದರು. 1902ರ ಆಗಸ್ಟ್ 8ರಂದು ಅಧಿಕಾರ ವಹಿಸಿಕೊಂಡ ಅರಸರು ಅದನ್ನು ನಿಲ್ಲಿಸಲಿಲ್ಲ. 1912ರಲ್ಲಿ ಕಟ್ಟಡ ಪೂರ್ಣಗೊಂಡಿತು.