ಸುರಪುರದ ಅರಸನೂ ಅರೆಹೊಣೆಯೂ

ಭೀಮರಾಯನಗುಡಿಯನ್ನು ಬಿಟ್ಟು ಸುರಪುರದ ಹಾದಿ ಹಿಡಿದಾಗ ನನ್ನ ತಲೆಯಲ್ಲಿದ್ದುದು ಕಾನೂನಿನದೊಂದು ಪ್ರಶ್ನೆ. ಪೂರ್ಣ ಹುಚ್ಚನಲ್ಲದ, ಪೂರ್ಣ ಸ್ವಸ್ಥಚಿತ್ತನೂ ಅಲ್ಲದ ಮನುಷ್ಯನು ಕೊಲೆ ಮಾಡಿದರೆ ಅವನ ಹೊಣೆ ಎಷ್ಟು? ಅಂಥವನ ಅಪರಾಧವನ್ನು ಒಂದು ಮೆಟ್ಟಿಲು ಇಳಿಸಬಹುದೆಂದು ಸ್ಕಾಟ್ಲೆಂಡಿನ ನ್ಯಾಯಾಲಯ 1867ರಲ್ಲಿಯೇ ತೋರಿಸಿಕೊಟ್ಟಿತು. ಇಂಗ್ಲೆಂಡು 1957ರಲ್ಲಿ ಶಾಸನ ಮಾಡಿತು. ನಮ್ಮ 1860ರ ದಂಡಸಂಹಿತೆಯ 84ನೆಯ ಕಲಮು ಚಿತ್ತವಿಕಲತೆಗೆ ಕೊಟ್ಟದ್ದು ಪೂರ್ಣ ವಿನಾಯಿತಿ. ನಡುವಿನ ಮೆಟ್ಟಿಲನ್ನು ಅದು ಕಟ್ಟಲಿಲ್ಲ. 2024ರ ಜುಲೈಯಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 22ನೆಯ ಕಲಮೂ ಹಾಗೆಯೇ. ಅರೆಹೊಣೆಗೆ ನಮ್ಮಲ್ಲಿ ಎಡೆ ದೊರೆಯುವುದು ಶಿಕ್ಷೆಯನ್ನು ಅಳೆಯುವಾಗ. ಎಳೆಯ ವಯಸ್ಸು, ಮನಸ್ಸಿನ ತೀವ್ರ ಕ್ಷೋಭೆ, ಬುದ್ಧಿಯ ಊನ, ಅನ್ಯರ ಹಿಡಿತ—ಇವು ಮರಣದಂಡನೆಯನ್ನು ತಡೆಯಬಲ್ಲ ಸಂಗತಿಗಳೆಂದು 1980ರ ಬಚನ್ ಸಿಂಗ್ ತೀರ್ಪು ಪರಿಗಣಿಸಿತು.

ಈ ಪಟ್ಟಿಯನ್ನು ಓದಿದಾಗಲೆಲ್ಲ ನನಗೆ ನೆನಪಾಗುವವನು ಸುರಪುರದ ರಾಜಾ ವೆಂಕಟಪ್ಪ ನಾಯಕ. ತಂದೆಯನ್ನು ಕಳೆದುಕೊಂಡ ಆ ಬಾಲಕ, 1853ರವರೆಗೆ ಸಂಸ್ಥಾನದ ಆಡಳಿತ ನೋಡಿದ ಮೆಡೋಸ್ ಟೇಲರನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದನು. 1858ರ ಫೆಬ್ರವರಿಯಲ್ಲಿ ಅದೇ ಬಾಲಕ, ಈಗ 24ರ ಆಸುಪಾಸಿನ ಅರಸ, ಆಂಗ್ಲ ಸೇನೆಯನ್ನು ಎದುರಿಸಿದನು. ಕ್ಯಾಪ್ಟನ್ ನ್ಯೂಬೆರಿ ಮಡಿದನು. ಅರಸನು ಹೈದರಾಬಾದಿನಲ್ಲಿ ಸೆರೆಸಿಕ್ಕನು.

ಸೈನಿಕ ನ್ಯಾಯಮಂಡಲಿ ಮರಣದಂಡನೆ ವಿಧಿಸಿತು. ರೆಸಿಡೆಂಟನು ಅದನ್ನು ಆಜೀವ ಗಡೀಪಾರಿಗೆ ಇಳಿಸಿದನು. ಗವರ್ನರ್ ಜನರಲ್ ಕ್ಯಾನಿಂಗ್ ಮತ್ತೂ ಇಳಿಸಿ, ಮದರಾಸಿನ ಕಡೆಯ ಕೋಟೆಯೊಂದರಲ್ಲಿ 4 ವರ್ಷಗಳ ಸೆರೆ ಸಾಕೆಂದನು. ನಡತೆ ತಿದ್ದಿಕೊಂಡರೆ ಸಂಸ್ಥಾನ ಮರಳುವ ಆಸೆಯೂ ಇತ್ತು. ಎಳೆಯ ಹುಡುಗ, ಕೆಟ್ಟ ಸಹವಾಸಕ್ಕೆ ಬಲಿಯಾದವನು ಎಂಬ ಮರುಕ ಟೇಲರನದು.

ಇಲ್ಲಿಯೇ ನನ್ನ ಮನಸ್ಸು ತೊಡಕಿಗೆ ಸಿಕ್ಕುತ್ತದೆ. ಆ ಮರುಕ ಜೀವ ಉಳಿಸುವಂಥದು, ನಿಜ. ಆದರೆ ‘ಇವನು ತಿಳಿಯದೆ ಮಾಡಿದ’ ಎಂದು ಕ್ಷಮಿಸಿದರೆ, ಆತನ ಬಂಡಾಯವನ್ನು ಆತನಿಂದಲೇ ಕಸಿದುಕೊಂಡಂತಾಗದೆ? ಸೆರೆಮನೆಗೆ ಬಂದ ಟೇಲರನಿಗೆ ಅರಸನು ಹೇಳಿದ್ದು ಬೇರೆಯೇ: ಕಳ್ಳನಂತೆ ನೇಣಿಗೇರುವುದಕ್ಕಿಂತ ತೋಪಿನ ಬಾಯಿಗೆ ಕಟ್ಟಿದರೆ ಲೇಸು. ಅರೆಹೊಣೆಯವನ ಮಾತಲ್ಲ ಇದು.

ಕೋಟೆಯನ್ನು ಅವನು ಮುಟ್ಟಲಿಲ್ಲ. ದಾರಿಯ ಬಿಡಾರದಲ್ಲಿ ಕಾವಲಿನ ಅಧಿಕಾರಿಯ ರಿವಾಲ್ವರಿನ ಗುಂಡಿಗೆ ಪ್ರಾಣ ಹೋಯಿತು. ತಾನೇ ಹೊಡೆದುಕೊಂಡನೆಂಬುದು ಆಂಗ್ಲರ ಮಾತು. ಕೊಂದರೆಂಬುದು ಜನರ ಮಾತು. 1860ರಲ್ಲಿ ಸುರಪುರವು ನಿಜಾಮನ ಪಾಲಾಯಿತು. ದಂಡಸಂಹಿತೆ ಶಾಸನವಾದ ವರ್ಷವೂ ಅದೇ.

ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲಿನ ಮುಂದೆ ನಿಂತು ಯೋಚಿಸಿದೆ. ಬುದ್ಧಿಯ ಬೇನೆಯಿಂದ ಕೈತಪ್ಪಿದವನಿಗೆ ಕಾನೂನು ಅರೆಕ್ಷಮೆಯ ಮೆಟ್ಟಿಲು ಕಟ್ಟಲೇಬೇಕು. ಆದರೆ ಆ ಮೆಟ್ಟಿಲನ್ನು ಇಳಿಯಲು ಒಪ್ಪದವನನ್ನು ಎತ್ತಿ ಇಳಿಸುವಾಗ, ದಯೆಯೂ ಒಮ್ಮೊಮ್ಮೆ ಶಿಕ್ಷೆಯಾದೀತು.